ಹಳೆಯ ಕಾಲವನ್ನು ಮಕ್ಕಳ ಕೈಗೆ ಕೊಡುವ ಜಾಗಗಳು: ಕೊಡಗಿನ ಕುಟುಂಬಗಳಿಗೆ ಒಂದು ಹೋಲಿಕೆ

ಗುಂಡಿ ಒತ್ತಿದರೆ ಮಾತಾಡುವ, ಪರದೆ ಮುಟ್ಟಿದರೆ ತೆರೆದುಕೊಳ್ಳುವ ಪ್ರದರ್ಶನ ಬೇಕೆಂದರೆ ಕೊಡಗಿನೊಳಗೆ ಪ್ರಾಚೀನ ಸಂಸ್ಕೃತಿಯ ವಿಷಯದಲ್ಲಿ ಸಿಗುವುದು ಕಡಿಮೆ. ಆದರೆ ಸುಮಾರು ಎರಡು ಸಾವಿರ ವರ್ಷ ಹಳೆಯ ಕಲ್ಲಿನ ಗೋರಿಗಳು ಸೋಮವಾರಪೇಟೆ ತಾಲ್ಲೂಕಿನಲ್ಲೇ ನಿಂತಿವೆ, ಸಾವಿರ ವರ್ಷದ ಬಸದಿಗಳು ಮುಳ್ಳೂರಿನಲ್ಲಿವೆ, ವೀರಗಲ್ಲುಗಳು ಮಡಿಕೇರಿ ಕೋಟೆಯೊಳಗಿವೆ. ಮೂರು ಗಂಟೆ ಪ್ರಯಾಣ ಮಾಡಿದರೆ ಮೈಸೂರು, ಗಡಿ ದಾಟಿದರೆ ವಯನಾಡಿನ ಎಡಕ್ಕಲ್ ಗುಹೆ. ಎಲ್ಲಿಗೆ ಹೋಗಬೇಕೆಂಬುದು ಮಗುವಿನ ವಯಸ್ಸು, ತಿಂಗಳು, ವಾರದ ದಿನ ಈ ಮೂರನ್ನು ನೋಡಿ ತೀರ್ಮಾನವಾಗಬೇಕು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ವರ್ಷಕ್ಕೆ ಒಂದೇ ಪ್ರವಾಸ ಸಾಧ್ಯವಾದರೆ, 8 ವರ್ಷದೊಳಗಿನ ಮಕ್ಕಳಿಗೆ ಮೈಸೂರು. 8ರಿಂದ 12ರವರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆ ಕಲ್ಲಿನ ಗೋರಿಗಳಿರುವ ದೊಡ್ಡಮಳ್ತೆ ಮತ್ತು ಮುಳ್ಳೂರು. ಹೈಸ್ಕೂಲಿನವರಿಗೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲರಿಗೂ ಮನೆಯಲ್ಲೇ ಮಣ್ಣು ತುಂಬಿಸಿ ಅಗೆಯುವ ಟಬ್ಬು. ಅದರ ವಿವರ ಕೊನೆಯಲ್ಲಿದೆ.

ಯಾವುದು ನಿಜವಾದ ಒಡನಾಟ?

‘ಸಂವಾದಾತ್ಮಕ’ ಎಂಬ ಹೆಸರಿನಲ್ಲಿ ಮೂರು ಬಗೆಯ ಪ್ರದರ್ಶನಗಳು ಸಿಗುತ್ತವೆ, ಮೂರೂ ಒಂದೇ ತೂಕದವಲ್ಲ.

ಮುಟ್ಟುಪರದೆಯ ಬಲ ಇರುವುದು ಕಣ್ಣಿಗೆ ಕಾಣದ್ದನ್ನು ತೋರಿಸುವುದರಲ್ಲಿ. ಸವೆದ ಶಾಸನವನ್ನು ತಿರುಗಿಸಿ, ಬೆಳಕಿನ ಕೋನ ಬದಲಿಸಿ ಅಕ್ಷರ ಎದ್ದು ಬರುವಂತೆ ಮಾಡಬಹುದು. ಆದರೆ ರಜೆಯ ದಿನ ಒಂದು ಮಗು ಒತ್ತುತ್ತದೆ, ಹಿಂದೆ ಹತ್ತು ಮಕ್ಕಳು ನಿಂತಿರುತ್ತಾರೆ. ಆರು ವರ್ಷದೊಳಗಿನವರಿಗೆ ಒತ್ತುವುದೇ ಆಟವಾಗುತ್ತದೆ, ಪರದೆಯಲ್ಲಿ ಬಂದದ್ದು ತಲೆಗೆ ಹೋಗುವುದಿಲ್ಲ. ಮಲೆನಾಡಿನ ತೇವಕ್ಕೆ, ಕರೆಂಟು ಹೋಗಿ ಬರುವುದಕ್ಕೆ ಇಂಥ ಯಂತ್ರಗಳು ಬೇಗ ಕೆಡುತ್ತವೆ ಎಂಬುದೂ ನೆನಪಿರಲಿ.

ಎರಡನೆಯದು ಪ್ರತಿಕೃತಿ. ಮುಟ್ಟಲು ಬಿಡುವ ಮಡಿಕೆ, ಕಲ್ಲಿನ ಕೊಡಲಿ, ಬೀಸುವ ಕಲ್ಲು. ತೂಕವೂ ಮೈಯೂ ಅಸಲಿಯಂತಿದ್ದರೆ ಮಾತ್ರ ಇದರಿಂದ ಉಪಯೋಗ. ಫೈಬರ್‌ನಲ್ಲಿ ಎರಕ ಹೊಯ್ದ ವೀರಗಲ್ಲನ್ನು ತಟ್ಟಿದರೆ ಟೊಳ್ಳು ಸದ್ದು. ಅದು ಕಲ್ಲಿನ ಬಗ್ಗೆ ಮಗುವಿಗೆ ತಪ್ಪನ್ನೇ ಕಲಿಸುತ್ತದೆ.

ಮೂರನೆಯದು ಮಾಡಿ ನೋಡುವುದು: ತಿಗರಿಯ ಮೇಲೆ ಮಣ್ಣು, ಬುಟ್ಟಿ ಹೆಣಿಗೆ, ರಂಗಿನ ಕೆಲಸ. ಎಲ್ಲಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದು ಇದೇ. ಆದರೆ ಕಲಿಸುವವರು ಇರುವ ದಿನ ಮಾತ್ರ ನಡೆಯುತ್ತದೆ. ಉಳಿದ ದಿನ ಹೋದರೆ ಖಾಲಿ ಜಗಲಿ ನೋಡಿ ಬರಬೇಕು.

ಆದ್ದರಿಂದ ಹೊರಡುವ ಮುನ್ನ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಆ ದಿನ ಬಾಗಿಲು ತೆರೆದಿರುತ್ತದೆಯೇ? ಕಲಿಸುವವರು ಅಥವಾ ವಿವರಿಸುವವರು ಇರುತ್ತಾರೆಯೇ? ಮಕ್ಕಳು ಕಾಗದ, ಪೆನ್ಸಿಲ್ ಒಳಗೆ ಒಯ್ಯಬಹುದೇ? ರಾಜ್ಯ ಸರ್ಕಾರದ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಹಳೇಬೀಡು, ಹಂಪಿಯ ಕಮಲಾಪುರದಂಥ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ. ಈ ವ್ಯತ್ಯಾಸ ತಿಳಿಯದೆ ನೂರಾರು ಕಿಲೋಮೀಟರ್ ಹೋಗಿ ಬೀಗ ನೋಡಿ ಬಂದ ಕುಟುಂಬಗಳು ಬಹಳ.

ಮಡಿಕೇರಿ ಕೋಟೆ: ಚಿಕ್ಕದು, ಹತ್ತಿರದ್ದು, ಕೆಲಸ ಒಯ್ಯದಿದ್ದರೆ ಬರಡು

ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ 1855ರದು. ಈಗ ಅದರಲ್ಲಿ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ವೀರಗಲ್ಲು, ಜೈನ ಶಿಲ್ಪ, ಆಯುಧ, ಕೊಡವರ ಮನೆಬಳಕೆಯ ವಸ್ತುಗಳು ಇಲ್ಲಿವೆ. ಮುಟ್ಟುವಂತಿಲ್ಲ, ಫಲಕಗಳ ಬರಹವೂ ಚಿಕ್ಕದು. ಸುಮ್ಮನೆ ನಡೆದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಮಗುವಿಗೆ ಕೆಲಸ ಕೊಟ್ಟರೆ ಅದೇ ಜಾಗ ಒಂದೂವರೆ ಗಂಟೆ ಹಿಡಿಯುತ್ತದೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಸತ್ತ ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಅಲ್ಲಿ ಲಿಂಗ ಇರಬಹುದು, ಜಿನ ಇರಬಹುದು. ಮೂರು ಪಟ್ಟಿಕೆಯಲ್ಲೂ ಅದೇ ವೀರನನ್ನು ಪತ್ತೆ ಮಾಡಿ ಬೊಟ್ಟು ತೋರಿಸುವುದು ಏಳು ವರ್ಷದ ಮಗುವಿಗೂ ಆಗುವ ಕೆಲಸ. ಕೆಳಗೆ ದನಗಳಿದ್ದರೆ ಅದು ತುರುಗೋಳಿನ ಕಲ್ಲು: ದನ ಕದ್ದವರನ್ನು ಅಡ್ಡಗಟ್ಟಿ ಸತ್ತವನದು. ಮೇಲಿನಿಂದ ಓದಲು ಶುರುಮಾಡಿದರೆ ಕಥೆ ತಲೆಕೆಳಗಾಗುತ್ತದೆ. ದೊಡ್ಡವರೂ ಹೆಚ್ಚಾಗಿ ಎಡವುವುದು ಇಲ್ಲೇ. ಜೈನ ಶಿಲ್ಪಗಳಲ್ಲಿ ತಲೆಯ ಮೇಲೆ ಹಾವಿನ ಹೆಡೆ ಇರುವ ತೀರ್ಥಂಕರನನ್ನು ಹುಡುಕಲು ಹೇಳಿ. ಅದು ಬಹುಮಟ್ಟಿಗೆ ಪಾರ್ಶ್ವನಾಥ. ಸುಪಾರ್ಶ್ವನಾಥನಿಗೂ ಹೆಡೆ ಇರುವುದರಿಂದ ದೊಡ್ಡ ಮಕ್ಕಳು ಹೆಡೆಗಳನ್ನು ಎಣಿಸಲಿ.

ಕೊಡವರ ಕತ್ತಿಗಳಾದ ಒಡಿಕತ್ತಿ, ಪೀಚೆಕತ್ತಿಗಳ ಮುಂದೆ ಮಗುವಿಗೆ ಅಳತೆಯ ಕೆಲಸ: ಯಾವುದರ ಅಲಗು ಅಗಲ, ಯಾವುದರದು ಬಾಗು, ಯಾವುದನ್ನು ಬೆನ್ನ ಹಿಂದಿನ ತೊಡಂಗಿಗೆ (ಕತ್ತಿ ಹಿಡಿಸುವ ಕೊಂಡಿಗೆ) ಸಿಕ್ಕಿಸುತ್ತಾರೆ? ಇದಕ್ಕೆ ಉತ್ತರ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆಂದು ಆಯುಧಗಳನ್ನು ಹೊರತೆಗೆದಾಗ, ವಸ್ತುಸಂಗ್ರಹಾಲಯದಲ್ಲಿ ಬರೆದ ಚಿತ್ರವನ್ನು ಪಕ್ಕದಲ್ಲಿಟ್ಟು ಅಜ್ಜನಿಂದ ಹೇಳಿಸಿದರೆ ಗಾಜಿನ ಹಿಂದಿನ ವಸ್ತುವಿಗೆ ಜೀವ ಬರುತ್ತದೆ.

ಒಯ್ಯಬೇಕಾದದ್ದು: ಕ್ಲಿಪ್ ಇರುವ ರಟ್ಟು, ಎ4 ಹಾಳೆ ಆರು, ಎರಡು ಪೆನ್ಸಿಲ್, ಭೂತಗನ್ನಡಿ. ಪೆನ್ನು ಬೇಡ, ಶಿಲ್ಪಕ್ಕೆ ಶಾಯಿ ತಗುಲಿದರೆ ಹೋಗುವುದಿಲ್ಲ. ಸಿಬ್ಬಂದಿ ಒಪ್ಪಿದರೆ ಸಣ್ಣ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎದುರಿನಿಂದ ಬಿಟ್ಟ ಬೆಳಕಿನಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಓರೆ ಬೆಳಕಿನಲ್ಲಿ ಪ್ರತಿ ಗೀರಿಗೂ ನೆರಳು ಬಿದ್ದು ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಕಲ್ಲಿನ ಮೇಲೆ ಕಾಗದ ಇಟ್ಟು ಉಜ್ಜುವುದಂತೂ ಬೇಡವೇ ಬೇಡ.

ಮಡಿಕೇರಿಯಲ್ಲೇ ಜನರಲ್ ತಿಮ್ಮಯ್ಯ ಸ್ಮಾರಕ ಭವನವೂ ಇದೆ, 2021ರಲ್ಲಿ ಉದ್ಘಾಟನೆಯಾದದ್ದು. ಮಕ್ಕಳಿಗೆ ಹಿಡಿಸುವ ಜಾಗ. ಆದರೆ ಅದು ಸೇನೆಯ ಇತಿಹಾಸ. ಪ್ರಾಚೀನ ಕಾಲಕ್ಕೆಂದು ಹೊರಟ ದಿನ ಅದನ್ನು ಸೇರಿಸಿದರೆ ಎರಡೂ ಕಲಸಿಹೋಗುತ್ತವೆ.

ದೊಡ್ಡಮಳ್ತೆಯ ಮೋರಿಬೆಟ್ಟ, ಮುಳ್ಳೂರಿನ ಬಸದಿ

ಇದು ಕಟ್ಟಡವಿಲ್ಲದ ವಸ್ತುಸಂಗ್ರಹಾಲಯ, ಕೊಡಗಿನವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇರೆ ಇಲ್ಲ. ಹೊನ್ನಮ್ಮನ ಕೆರೆಯ ಸೀಮೆಯ ಈ ಬೆಟ್ಟದಲ್ಲಿ ಕಬ್ಬಿಣ ಯುಗದ ಶಿಲಾ ಸಮಾಧಿಗಳಿವೆ. ನಾಡಿನ ಜನ ಇಂಥವನ್ನು ಪಾಂಡವರ ಮನೆ ಎನ್ನುತ್ತಾರೆ. ಇಂಥ ಗೋರಿಗಳ ರಚನೆ ಸಾಮಾನ್ಯವಾಗಿ ಹೀಗಿರುತ್ತದೆ: ಕೆಳಗೊಂದು ಹಾಸುಚಪ್ಪಡಿ, ಸುತ್ತ ನಿಲ್ಲಿಸಿದ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಮೂಳೆ, ಮಡಿಕೆ, ಕಬ್ಬಿಣದ ಹತಾರ, ಮಣಿಗಳನ್ನು ಇಡುತ್ತಿದ್ದರು.

ಮಕ್ಕಳಿಗೆ ಇಲ್ಲಿ ಮೂರು ಕೆಲಸ. ಮೊದಲನೆಯದು ತೂಕದ ಲೆಕ್ಕ. ಟೇಪಿನಿಂದ ಮುಚ್ಚುಗಲ್ಲಿನ ಉದ್ದ, ಅಗಲ, ದಪ್ಪ ಅಳೆಯಿರಿ. ಉದಾಹರಣೆಗೆ 2 ಮೀಟರ್ ಉದ್ದ, 1.5 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಎಂದುಕೊಳ್ಳಿ: 0.45 ಘನ ಮೀಟರ್. ಇಂಥ ಗಟ್ಟಿಕಲ್ಲು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ, ಅಂದರೆ ಕಲ್ಲು 1.2 ಟನ್. ಒಬ್ಬ ಮನುಷ್ಯ 30 ಕೆ.ಜಿ. ಎತ್ತಿದರೆ 40 ಜನ ಬೇಕು. ನಲವತ್ತು ಜನ ಆ ಕಲ್ಲಿನ ಸುತ್ತ ನಿಲ್ಲಲು ಜಾಗವೇ ಇಲ್ಲವಲ್ಲ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಆಮೇಲೆ ಮಣ್ಣಿನ ಇಳಿಜಾರು, ಮರದ ದಿಮ್ಮಿ, ಸನ್ನೆಗೋಲಿನ ಮಾತು ಅವರಿಂದಲೇ ಬರುತ್ತದೆ. ಪರದೆಯ ಮೇಲಿನ ಯಾವ ಆಟವೂ ಇಷ್ಟು ಯೋಚನೆ ಹುಟ್ಟಿಸುವುದಿಲ್ಲ.

ಎರಡನೆಯದು ದಿಕ್ಕು. ದಿಕ್ಸೂಚಿ ಹಿಡಿದು ಪ್ರತಿ ಗೋರಿಯ ಕಂಡಿ ಯಾವ ಕಡೆಗಿದೆ ಎಂದು ಬರೆದುಕೊಳ್ಳಲಿ. ಫೋನಿನ ದಿಕ್ಸೂಚಿ ಬಳಸುವುದಾದರೆ ಕೀಲಿಗೊಂಚಲು, ಕಬ್ಬಿಣದ ಟೇಪು ಹತ್ತಿರ ಇರಬಾರದು. ಮುಳ್ಳು ತಪ್ಪು ತೋರಿಸುತ್ತದೆ.

ಮೂರನೆಯದು ಕಾಲದ ಹಗ್ಗ. ಐದು ಮೀಟರ್ ಹಗ್ಗ ತನ್ನಿ, 1 ಸೆಂ.ಮೀ. ಅಂದರೆ 10 ವರ್ಷ. ಹತ್ತು ವರ್ಷದ ಮಗುವಿಗೆ ತನ್ನ ಇಡೀ ಜೀವ 1 ಸೆಂ.ಮೀ. ಮಡಿಕೇರಿಯ ಚರ್ಚ್ 17 ಸೆಂ.ಮೀ. ದೂರ, ಮುಳ್ಳೂರಿನ ಬಸದಿಗಳು ಒಂದು ಮೀಟರಿಗೆ ಸ್ವಲ್ಪ ಕಡಿಮೆ, ಶಿಲಾ ಸಮಾಧಿಗಳ ಕಾಲ ಎರಡು ಮೀಟರಿನ ಆಚೀಚೆಯಿಂದ ಮೂರರವರೆಗೆ, ಹರಪ್ಪದ ನಗರಗಳು ನಾಲ್ಕೂವರೆ ಮೀಟರಿನ ಹತ್ತಿರ. ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಈ ಹಗ್ಗ ಮುಂದೆ ಯಾವ ವಸ್ತುಸಂಗ್ರಹಾಲಯಕ್ಕೆ ಹೋದರೂ ಬೇಕಾಗುತ್ತದೆ.

ಮುಳ್ಳೂರು ಶನಿವಾರಸಂತೆ ಕಡೆಗಿದೆ. ಈ ಸೀಮೆಯನ್ನು ಆಳಿದ ಕೊಂಗಾಳ್ವರ ಕಾಲದ, 11ನೇ ಶತಮಾನದ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಅಲ್ಲಿವೆ. ಬೆಳಗ್ಗೆ ಬೆಟ್ಟ, ಮಧ್ಯಾಹ್ನದ ಮೇಲೆ ಬಸದಿ ಇಟ್ಟುಕೊಳ್ಳಿ. ಉಲ್ಟಾ ಮಾಡಿದರೆ ಬೆಟ್ಟ ಹತ್ತುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಇಲ್ಲಿ ಕೆಡುವುದು ಮೂರು ಕಾರಣಕ್ಕೆ. ಮಕ್ಕಳು ಮುಚ್ಚುಗಲ್ಲಿನ ಮೇಲೆ ಹತ್ತುತ್ತಾರೆ: ಆ ಕಲ್ಲು ಕೇವಲ ತೂಕದ ಮೇಲೆ ನಿಂತಿರುತ್ತದೆ, ಗಾರೆ ಇಲ್ಲ, ಜಾರಿದರೆ ಕಾಲು ಮುರಿಯುತ್ತದೆ. ಮಣ್ಣಿನಲ್ಲಿ ಕಂಡ ಮಡಿಕೆ ಚೂರನ್ನು ನೆನಪಿಗೆಂದು ಕಿಸೆಗೆ ಹಾಕುತ್ತಾರೆ: ಚೂರು ಎಲ್ಲಿ, ಯಾವ ಪದರದಲ್ಲಿ ಇತ್ತು ಎಂಬುದೇ ಅದರ ಬೆಲೆ, ಜಾಗ ಬಿಟ್ಟ ಚೂರು ಏನನ್ನೂ ಹೇಳುವುದಿಲ್ಲ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅಗೆಯುವುದು, ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧವೂ ಹೌದು. ಮೂರನೆಯದು ಜಿಗಣೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲು, ಪೊದೆ ಬೆಳೆದು ಗೋರಿಗಳೇ ಸರಿಯಾಗಿ ಕಾಣುವುದಿಲ್ಲ; ಹಟ ಮಾಡಿ ಹೋಗಬೇಡಿ. ಬೇಸಿಗೆಯಲ್ಲೂ ಉದ್ದ ಕಾಲುಚೀಲ, ಮುಚ್ಚಿದ ಶೂ ಇರಲಿ. ಚಪ್ಪಡಿಯ ಸಂದಿಗೆ ಕೈ ಹಾಕಬಾರದು. ಹಾವುಗಳಿಗೆ ಅದೇ ತಂಪು ಜಾಗ.

ಮೈಸೂರು: ಚಿಕ್ಕ ಮಕ್ಕಳಿಗೆ

ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ದೇಶದ ಬೇರೆ ಬೇರೆ ಬುಡಕಟ್ಟು, ಹಳ್ಳಿ ಸಮುದಾಯಗಳ ವಸ್ತುಗಳನ್ನು ತೋರಿಸುತ್ತದೆ. ಈ ಸಂಸ್ಥೆ ‘ಮಾಡಿ ಕಲಿಯಿರಿ’ ಎಂಬ ಬಗೆಯ ಶಿಬಿರಗಳನ್ನು ನಡೆಸುತ್ತದೆ. ಸಮುದಾಯದ ಕುಶಲಕರ್ಮಿಗಳೇ ಬಂದು ಕಲಿಸುತ್ತಾರೆ. ಆ ದಿನಕ್ಕೆ ನಿಮ್ಮ ಪ್ರವಾಸ ಹೊಂದಿಸಿಕೊಂಡರೆ ಮೇಲೆ ಹೇಳಿದ ಮೂರನೆಯ ಬಗೆಯ ಒಡನಾಟ ಪೂರ್ತಿ ಸಿಗುತ್ತದೆ. ನೋಂದಣಿ ಮೊದಲೇ ಮಾಡಿಸಬೇಕಾಗುತ್ತದೆ, ಜಾಗ ಸೀಮಿತ. ಶಿಬಿರ ಇಲ್ಲದ ದಿನ ಇದು ಒಂದು ಗಂಟೆಯ ಶಾಂತ ವೀಕ್ಷಣೆ ಮಾತ್ರ.

ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯದ ಸಂಗ್ರಹ ದೊಡ್ಡದು: ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಬೇಸಾಯದ ಹತಾರ. ಅರಮನೆಯ ದುರಸ್ತಿಯ ಕಾರಣಕ್ಕೆ ಬಾಗಿಲು ಹಾಕಿರುವುದುಂಟು, ಕೇಳಿಯೇ ಹೋಗಿ. ಇಲ್ಲಿ ಕಾಣುವುದು ಇತ್ತೀಚಿನ ನೂರಿನ್ನೂರು ವರ್ಷದ ಜೀವನ, ಪ್ರಾಚೀನವಲ್ಲ. ಆದರೂ ಒನಕೆ, ಬೀಸುಕಲ್ಲು, ನೇಗಿಲನ್ನು ಗುರುತಿಸಿದ ಮಗುವಿಗೆ ಅಗೆತದಲ್ಲಿ ಸಿಕ್ಕ ಅರೆಯುವ ಕಲ್ಲು ಅರ್ಥವಾಗುತ್ತದೆ. ಈ ಕ್ರಮದಲ್ಲಿ ಹೋಗುವುದು ಒಳ್ಳೆಯದು: ಮೊದಲು ತಿಳಿದದ್ದು, ಆಮೇಲೆ ಹಳೆಯದು.

ಒಂದು ದಿನಕ್ಕೆ ಇವೆರಡೇ ಸಾಕು. ಮೃಗಾಲಯವನ್ನೂ ಅರಮನೆಯನ್ನೂ ಸೇರಿಸಿದರೆ ಮೂರು ಗಂಟೆಯ ವಾಪಸು ಪ್ರಯಾಣ ಯಾರಿಗೂ ಸಹಿಸಲಾಗುವುದಿಲ್ಲ.

ಎಡಕ್ಕಲ್ ಮತ್ತು ಅಂಬಲವಯಲ್

ದಕ್ಷಿಣ ಕೊಡಗಿನವರಿಗೆ ಕುಟ್ಟ, ತೋಲ್ಪೆಟ್ಟಿ, ಮಾನಂದವಾಡಿ ಮೂಲಕ ಎರಡೂವರೆ ಗಂಟೆಯ ದಾರಿ. ಅಂಬುಕುತ್ತಿ ಬೆಟ್ಟದಲ್ಲಿ ಬಂಡೆ ಸೀಳಿ, ಸೀಳಿನ ಮೇಲೆ ಇನ್ನೊಂದು ಬಂಡೆ ಸಿಕ್ಕಿಕೊಂಡು ಆದ ಜಾಗ ಇದು. ಎರಡೂ ಗೋಡೆಗಳ ಮೇಲೆ ಮನುಷ್ಯರು, ಪ್ರಾಣಿಗಳು, ಗುರುತುಗಳು. ಇವು ಬಣ್ಣದ ಚಿತ್ರಗಳಲ್ಲ, ಗೀರಿ ಕೊರೆದವು. ಅತ್ಯಂತ ಹಳೆಯವು ನವಶಿಲಾಯುಗದವು ಎಂದು ವಿದ್ವಾಂಸರು ಹೇಳುತ್ತಾರೆ. ತಲೆಯುಡುಗೆ ತೊಟ್ಟ ಮನುಷ್ಯನನ್ನು ಮೊದಲು ಹುಡುಕಿ; ಒಂದು ಆಕೃತಿ ಕಣ್ಣಿಗೆ ಸಿಕ್ಕರೆ ಉಳಿದವು ಗೋಜಲಿನಿಂದ ಬಿಡಿಸಿಕೊಂಡು ಬರುತ್ತವೆ.

ಏರು ಕಡಿದು, ಕೊನೆಯಲ್ಲಿ ಇಕ್ಕಟ್ಟಾದ ಮೆಟ್ಟಿಲು. 7 ವರ್ಷದೊಳಗಿನವರನ್ನು, ಮಂಡಿನೋವಿನ ಹಿರಿಯರನ್ನು ಕರೆದೊಯ್ಯಬೇಡಿ. ಎತ್ತಿಕೊಂಡು ಹತ್ತಲಾಗದು, ಎರಡೂ ಕೈ ಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಬೆಳಗ್ಗೆಯೇ ತಲುಪಿ. ಸೋಮವಾರ ರಜೆ, ಜೋರು ಮಳೆಯಲ್ಲೂ ಮುಚ್ಚುತ್ತಾರೆ. ಹತ್ತಲಾಗದವರು ಅಂಬಲವಯಲ್‌ನ ಪರಂಪರೆ ವಸ್ತುಸಂಗ್ರಹಾಲಯದಲ್ಲಿ ಉಳಿಯಬಹುದು. ಅಲ್ಲಿ ವೀರಗಲ್ಲು, ಕಲ್ಲಿನ ಹತಾರ, ಬುಡಕಟ್ಟು ಜನರ ವಸ್ತುಗಳಿವೆ. ಮಡಿಕೇರಿಯ ವೀರಗಲ್ಲು ನೋಡಿ ಬಂದ ಮಕ್ಕಳು ಇಲ್ಲಿ ತಾವೇ ವಿವರಿಸತೊಡಗುತ್ತಾರೆ.

ದೂರದವು: ಹಳೇಬೀಡು, ಪಿಲಿಕುಳ, ಬೆಂಗಳೂರು

ಶನಿವಾರಸಂತೆ ಕಡೆಯವರಿಗೆ ಹಳೇಬೀಡು ಒಂದು ದಿನದ ಹಾದಿ, ಹಾಸನದಿಂದ ಸುಮಾರು 30 ಕಿ.ಮೀ. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಲ್ಲಿನ ಹೊಯ್ಸಳೇಶ್ವರ ದೇವಾಲಯದ ತಳಪಟ್ಟಿಕೆಗಳನ್ನು ಕೆಳಗಿನಿಂದ ಎಣಿಸಲು ಹೇಳಿ: ಎಲ್ಲಕ್ಕಿಂತ ಕೆಳಗೆ ಭಾರ ಹೊರುವ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಹಿಂದಿನ ದಿನ ಮನೆಯಲ್ಲಿ ಸೋಪಿನ ತುಂಡನ್ನು ಹಳೆಯ ಚಮಚದಿಂದ ಕೆತ್ತಿಸಿದ್ದರೆ ಬಳಪದ ಕಲ್ಲಿನ ಮೆದುತನ, ಅದರಿಂದ ಬಂದ ಸೂಕ್ಷ್ಮ ಕೆಲಸ ಎರಡೂ ಹೊಳೆಯುತ್ತವೆ. ಪುರಾತತ್ವ ಸರ್ವೇಕ್ಷಣೆಯ ಜಾಗಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ.

ಮಂಗಳೂರಿನ ಪಿಲಿಕುಳದಲ್ಲಿ ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡ ಮನೆತನದ ಮನೆ), ಕುಶಲಕರ್ಮಿಗಳ ಗ್ರಾಮ ಇವೆ. ಕುಂಬಾರರು ಕೆಲಸದಲ್ಲಿರುವ ದಿನ ಚೆನ್ನ. ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಸ್ಥಿತಿ ನೋಡಿಕೊಂಡೇ ಹೊರಡಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರದು. ಮೊಹೆಂಜೊದಾರೊ, ಚಿತ್ರದುರ್ಗದ ಚಂದ್ರವಳ್ಳಿಯ ವಸ್ತುಗಳು ಇಲ್ಲಿವೆ. ಮಕ್ಕಳು ಮರೆಯದ ಕಲ್ಲು ಮಾತ್ರ ಆತಕೂರಿನದು, 949ರ ಸುಮಾರಿನದು: ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಬೇಟೆಯ ಚಿತ್ರ ಮೇಲೆ, ಶಾಸನ ಸುತ್ತ. ಪಕ್ಕದಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅಲ್ಲಿ ಸನ್ನೆ, ರಾಟೆಗಳನ್ನು ಕೈಯಲ್ಲಿ ಆಡಿಸಿದ ಮೇಲೆ ದೊಡ್ಡಮಳ್ತೆಯ ಕಲ್ಲಿನ ಲೆಕ್ಕ ಪೂರ್ತಿಯಾಗುತ್ತದೆ. 260 ಕಿ.ಮೀ. ಪ್ರಯಾಣ, ಆದ್ದರಿಂದ ರಾತ್ರಿ ತಂಗುವುದಾದರೆ ಮಾತ್ರ.

ಮಳೆಗಾಲಕ್ಕೆ ಮನೆಯ ಟಬ್ಬು

ಪರದೆ ಬೇಕೆನಿಸಿದರೆ ಎರಡು ಒಳ್ಳೆಯವು ಮನೆಯಲ್ಲೇ ಸಿಗುತ್ತವೆ. ಕೊಡವ ಸಂಸ್ಕೃತಿಯ ‘ಸಂದೂಕ’ ಆನ್‌ಲೈನ್ ವಸ್ತುಸಂಗ್ರಹಾಲಯ ಐನ್‌ಮನೆ, ಉಡುಗೆ, ಅಡುಗೆ, ಹಬ್ಬಗಳನ್ನು ತೋರಿಸುತ್ತದೆ. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ಬೆಂಗಳೂರು ಶಾಸನಗಳ 3ಡಿ ಯೋಜನೆಯಲ್ಲಿ ಕಲ್ಲನ್ನು ತಿರುಗಿಸಿ ಅಕ್ಷರ ನೋಡಬಹುದು.

ಕೈಗೆ ಕೆಲಸ ಬೇಕಾದರೆ ಅಗೆತದ ಟಬ್ಬು. 60 ಸೆಂ.ಮೀ. ಉದ್ದ, 40 ಅಗಲ, 15 ಆಳದ ಪ್ಲಾಸ್ಟಿಕ್ ತೊಟ್ಟಿ. ಕೆಳಗೆ ಜರಡಿ ಹಿಡಿದ ಕೆಮ್ಮಣ್ಣು 4 ಸೆಂ.ಮೀ., ನಡುವೆ ಒಲೆಯ ಬೂದಿ ಬೆರೆಸಿದ ಮಣ್ಣು 1 ಸೆಂ.ಮೀ., ಮೇಲೆ ಮರಳು 4 ಸೆಂ.ಮೀ. ಒಟ್ಟು 20 ಲೀಟರಿಗೆ ಸ್ವಲ್ಪ ಹೆಚ್ಚು. ತೂಕ 30 ಕೆ.ಜಿ. ದಾಟುತ್ತದೆ, ಆದ್ದರಿಂದ ಟಬ್ಬನ್ನು ಇರುವ ಜಾಗದಲ್ಲೇ ತುಂಬಿಸಿ. ಪದರಗಳ ಬಣ್ಣ ಬೇರೆ ಬೇರೆ ಇರಲೇಬೇಕು. ಒಂದೇ ಮರಳಿನಲ್ಲಿ ಹೂತಿಟ್ಟರೆ ಅದು ಹುಡುಕಾಟ ಮಾತ್ರ. ಬೂದಿಯ ಗೆರೆಯ ಕೆಳಗೆ ಸಿಕ್ಕದ್ದು ಮೇಲೆ ಸಿಕ್ಕದ್ದಕ್ಕಿಂತ ಹಳೆಯದು ಎಂಬ ತಿಳಿವು ಬರುವುದು ಪದರದಿಂದ. ಅಂಚಿಗೆ ದಾರ ಕಟ್ಟಿ 20 ಸೆಂ.ಮೀ.ಯ ಆರು ಚೌಕ ಮಾಡಿ, ಸಿಕ್ಕದ್ದನ್ನೆಲ್ಲ ಚೌಕದ ಸಂಖ್ಯೆ, ಪದರದೊಡನೆ ಬರೆಯಲಿ. ಅಗೆಯಲು ಚಮಚ, ಹಳೆಯ ಬಣ್ಣದ ಬ್ರಷ್. ಮಣ್ಣು ಒದ್ದೆಯಿದ್ದರೆ ಬ್ರಷ್ ಕೆಲಸ ಮಾಡದು. ಎರಡು ದಿನ ಒಲೆಯ ಬಳಿ ಹರಡಿ ಒಣಗಿಸಿ.

ಹೂಳಲು ಒಂದು ಸಣ್ಣ ಮಣ್ಣಿನ ಕುಡಿಕೆ. ದಪ್ಪ ಬಟ್ಟೆಯಲ್ಲಿ ಸುತ್ತಿ ಮರದ ಕೊಡತಿಯಿಂದ ಒಂದೇ ಪೆಟ್ಟು. ಎಂಟು ವರ್ಷದೊಳಗಿನವರಿಗೆ 8ರಿಂದ 10 ಚೂರು, ದೊಡ್ಡವರಿಗೆ 20. ಚೂಪು ಮೂಲೆಗಳನ್ನು ಮಾತ್ರ ಉಜ್ಜುಕಾಗದದಿಂದ ಮೊಂಡು ಮಾಡಿ. ಒಡೆದ ಅಂಚನ್ನೇ ಉಜ್ಜಿದರೆ ಚೂರುಗಳು ಕೂಡಿಕೊಳ್ಳುವುದಿಲ್ಲ. ಜೋಡಿಸುವಾಗ ತಳದಿಂದ ಶುರುಮಾಡಿ ಸುತ್ತಲೂ ಮೇಲಕ್ಕೆ ಬರಬೇಕು. ಅಂಟು ಹಚ್ಚುವ ಮುನ್ನ ಎಲ್ಲ ಚೂರುಗಳನ್ನೂ ಟೇಪಿನಿಂದ ಹಿಡಿಸಿ ನೋಡಿ. ಕಂಡ ಕಂಡ ಜೋಡಿಯನ್ನು ಅಂಟಿಸುತ್ತ ಹೋದರೆ ಕೂದಲೆಳೆಯ ತಪ್ಪು ಕೂಡುತ್ತ ಕೂಡುತ್ತ ಕೊನೆಯ ಚೂರಿಗೆ ಜಾಗವೇ ಇರುವುದಿಲ್ಲ. ಫೆವಿಕಾಲ್ ಸಾಕು: ನೀರಿನಲ್ಲಿ ನೆನೆಸಿದರೆ ಮೆತ್ತಗಾಗುವುದರಿಂದ ತಪ್ಪಾದರೆ ಬಿಡಿಸಬಹುದು. ಸಂರಕ್ಷಣಾಲಯಗಳಲ್ಲೂ ಬಿಡಿಸಿ ಮತ್ತೆ ಹಚ್ಚಬಲ್ಲ ಅಂಟನ್ನೇ ಆರಿಸುತ್ತಾರೆ. ಹಚ್ಚಿದ ಚೂರನ್ನು ಮರಳು ತುಂಬಿದ ಬಟ್ಟಲಿನಲ್ಲಿ ಸಮತೋಲವಾಗಿ ನಿಲ್ಲಿಸಿ ಅರ್ಧ ಗಂಟೆ ಬಿಡಿ, ಮಳೆಗಾಲದ ತೇವದಲ್ಲಿ ಒಂದು ಗಂಟೆ.

ಆಟ ಮುಗಿದ ಮೇಲೆ ಟಬ್ಬಿಗೆ ಗಾಳಿಯಾಡುವ ಬಟ್ಟೆ ಕಟ್ಟಿ. ಬಿಗಿಯಾಗಿ ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ, ತೆರೆದಿಟ್ಟರೆ ಬೆಕ್ಕು ಕೆರೆಯುತ್ತದೆ.